ಪೈ: ಕಣಕಕ್ಕೂ ಹೂರಣಕ್ಕೂ ನಡುವೆ ನೀರು

ಲಂಡನ್ನಿನ ರೋಸ್‌ವುಡ್ ಹೋಟೆಲಿನ ಹಾಲ್ಬರ್ನ್ ಡೈನಿಂಗ್ ರೂಮಿನಲ್ಲಿ 2018ರಲ್ಲಿ ಬಾಣಸಿಗ ಕ್ಯಾಲಮ್ ಫ್ರಾಂಕ್ಲಿನ್ ಪೈಗೆಂದೇ, ಅಂದರೆ ಕಣಕದ ಕವಚದೊಳಗೆ ಮಾಂಸದಂಥ ಹೂರಣ ತುಂಬಿ ಬೇಯಿಸುವ ತಿನಿಸಿಗೆಂದೇ, ಬೇರೆ ಅಡುಗೆಮನೆ ತೆರೆದರು. ಗಣಿ ಕಾರ್ಮಿಕರೂ ಬೇಟೆಗಾರರೂ ಬುತ್ತಿಯಾಗಿ ಒಯ್ಯುತ್ತಿದ್ದ ತಿನಿಸು ದುಬಾರಿ ಹೋಟೆಲಿನ ಮೇಜಿಗೆ ಬಂದದ್ದು ಬರೀ ಅಲಂಕಾರದ ಬಲದಿಂದಲ್ಲ. ಒಳ್ಳೆಯ ಪೈ ಮಾಡುವುದು ನಿಜಕ್ಕೂ ಕಷ್ಟ. ಒಳಗಿನ ಹೂರಣ ರಸಭರಿತವಾಗಿರಬೇಕು, ಹೊರಗಿನ ಕಣಕ ಗರಿಗರಿಯಾಗಿರಬೇಕು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಬೇಯಬೇಕು. ನೀರು ಸದಾ ತೇವ ಹೆಚ್ಚಿರುವ ಕಡೆಯಿಂದ ಒಣಗಿದ ಕಡೆಗೆ ಸಾಗುತ್ತದೆ. ಬಾಣಸಿಗ ತಡೆಯಬೇಕಾದದ್ದು ಇದನ್ನೇ.

ಇಂಗ್ಲೆಂಡಿನ ಲೆಸ್ಟರ್‌ಶೈರಿನ ಮೆಲ್ಟನ್ ಮೌಬ್ರೆ ಪಟ್ಟಣದ ಹಂದಿಮಾಂಸದ ಪೈ ಇದಕ್ಕೆ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ. 2009ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಪೈ ಇದು. ಹಂದಿಕೊಬ್ಬನ್ನು ನೀರಿನಲ್ಲಿ ಕರಗಿಸಿ ಕುದಿಸಿ, ಬಿಸಿಯಾಗಿರುವಾಗಲೇ ಗೋಧಿಹಿಟ್ಟಿಗೆ ಸುರಿದು ಕಲಸುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗತೊಡಗುತ್ತವೆ. ಮಲೆನಾಡಿನಲ್ಲಿ ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ತಟ್ಟುವಾಗ ಆಗುವುದೂ ಇದೇ. ಆದರೆ ಗೋಧಿಯಲ್ಲಿ ಗ್ಲುಟೆನ್ ಎಂಬ, ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು ಕೂಡ ಇದೆ. ಶಾಖ ಮತ್ತು ಕೊಬ್ಬು ಸೇರಿ ಅದರ ಜಾಲ ಬಲಿಯದಂತೆ ತಡೆಯುತ್ತವೆ, ಹಾಗಾಗಿ ಕಣಕ ಎಳೆದಷ್ಟೂ ಹಿಂದಕ್ಕೆ ಸೆಳೆಯುವುದಿಲ್ಲ. ಬೆಚ್ಚಗಿರುವಾಗ ಅದನ್ನು ಮರದ ಅಚ್ಚಿನ ಸುತ್ತ ಗೋಡೆಯಂತೆ ಏರಿಸಬಹುದು. ತಣಿದರೆ ಕೊಬ್ಬು ಗಟ್ಟಿಯಾಗಿ ಗೋಡೆ ತಾನೇ ನಿಲ್ಲುತ್ತದೆ. ಒಲೆಯೊಳಗೆ ಯಾವ ಪಾತ್ರೆಯ ಆಸರೆಯೂ ಇಲ್ಲದೆ ಬೇಯುವುದರಿಂದ ಮೆಲ್ಟನ್ ಮೌಬ್ರೆ ಪೈಯ ಬದಿಗಳು ಸ್ವಲ್ಪ ಹೊರಕ್ಕೆ ಉಬ್ಬಿರುತ್ತವೆ.

ಬೇಯುವಾಗ ಮಾಂಸ ಕುಗ್ಗಿ, ಕವಚದ ಒಳಗೆ ಖಾಲಿ ಜಾಗ ಉಳಿಯುತ್ತದೆ. ಪೈ ತಣಿದ ಮೇಲೆ ಮುಚ್ಚಳದ ತೂತಿನಿಂದ ಆ ಜಾಗಕ್ಕೆ ಮೂಳೆಗಳನ್ನೂ ಹಂದಿಕಾಲನ್ನೂ ತಾಸುಗಟ್ಟಲೆ ಕುದಿಸಿದ ಸಾರು ಹೊಯ್ಯುತ್ತಾರೆ. ಅಷ್ಟು ಕುದಿದಾಗ ಕಾಲಿನ ಚರ್ಮ, ಸ್ನಾಯುಗಳ ಕೊಲಾಜೆನ್ ಎಂಬ ಪ್ರೋಟೀನು ಬಿಚ್ಚಿಕೊಂಡು ಜೆಲಾಟಿನ್ ಆಗಿರುತ್ತದೆ. ತಂಪಿನಲ್ಲಿ ಅದರ ಎಳೆಗಳು ಮತ್ತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಗಾಳಿಗೆ ಜಾಗವಿಲ್ಲ, ಹೂರಣ ಒಣಗುವುದಿಲ್ಲ, ರಸ ಕವಚಕ್ಕೆ ಬೇಗ ಇಳಿಯುವುದೂ ಇಲ್ಲ. ಈ ಜೆಲ್ಲಿ ಕರಗುವುದು ನಮ್ಮ ಮೈಶಾಖಕ್ಕಿಂತ ಕಡಿಮೆ ಉಷ್ಣತೆಯಲ್ಲಿ, ಹಾಗಾಗಿ ನಾಲಿಗೆಯ ಮೇಲೆ ಮತ್ತೆ ಸಾರಾಗುತ್ತದೆ. ಈ ಪೈಯನ್ನು ತಣ್ಣಗೆ ತಿನ್ನುವುದೇ ಸರಿ.

ದನದ ಮಾಂಸದ ಬಿಸಿ ಪೈಗೂ ಇದೇ ಜೆಲಾಟಿನ್ ನೆರವಾಗುತ್ತದೆ. ಹೂರಣವನ್ನು ಮೊದಲೇ ಬೇಯಿಸಿ, ಪೂರ್ತಿ ತಣಿಸಿ ತುಂಬುತ್ತಾರೆ. ಗಟ್ಟಿಯಾದ ಗ್ರೇವಿ ಒಲೆಯಲ್ಲಿ ಕರಗಲು ಹೊತ್ತು ಹಿಡಿಯುವುದರಿಂದ ಕಣಕಕ್ಕೆ ಗಟ್ಟಿಯಾಗಲು ಸಮಯ ಸಿಗುತ್ತದೆ. ಬಿಸಿ ಹೂರಣ ತುಂಬಿದರೆ ಕಣಕದ ಕೊಬ್ಬು ಮೊದಲೇ ಕರಗಿ ಎಲ್ಲವೂ ಮೆತ್ತಗಾಗುತ್ತದೆ.

ಪದರಪದರವಾಗಿ ಉಬ್ಬುವ ಪಫ್ ಕಣಕದ ಮುಚ್ಚಳದಲ್ಲಿ ಮಾತ್ರ ನೀರು ಬಾಣಸಿಗನ ಜೊತೆಗಾರ. ಬೆಣ್ಣೆ ಇಟ್ಟ ಕಣಕವನ್ನು ಮೂರು ಮಡಿಕೆ ಮಾಡಿ ಲಟ್ಟಿಸುವುದನ್ನು ಆರು ಸಲ ಮಾಡಿದರೆ ಬೆಣ್ಣೆಯ 729 ಪದರಗಳಾಗುತ್ತವೆ. ಬೆಣ್ಣೆಯಲ್ಲೂ ಕಣಕದಲ್ಲೂ ಇರುವ ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗಿ ಪದರಗಳನ್ನು ಮೇಲಕ್ಕೆತ್ತುತ್ತದೆ. ಒಳಗಿನ ಹಬೆಗೆ ಹೊರದಾರಿಯಾಗಿ ಮುಚ್ಚಳದ ನಡುವೆ ತೂತು ಇರುತ್ತದೆ. ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ಮುಟ್ಟಿದಾಗ ಮೊಟ್ಟೆ ಸವರಿದ ಕಣಕದಲ್ಲಿ ಪ್ರೋಟೀನುಗಳೂ ಸಕ್ಕರೆಗಳೂ ಚುರುಕಾಗಿ ಬೆರೆತು ಹೊಂಬಣ್ಣ, ಪರಿಮಳ ಹುಟ್ಟುತ್ತವೆ. ತೇವ ಉಳಿದ ಕಡೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪೈಯ ತಳ ಎಷ್ಟೋ ಸಲ ಬಿಳಿಚಿಕೊಂಡು ಹಸಿಹಸಿಯಾಗಿರಲು ಕಾರಣ ಇದೇ.

ಇಂಥ ಹೋಟೆಲಿಗೆ ಹೋದರೆ ಮುಚ್ಚಳದ ಮೇಲಿನ ಎಲೆ ಬಳ್ಳಿಗಳ ಕೆತ್ತನೆಗೆ ಮೊದಲು ಮಾರುಹೋಗಬೇಡಿ. ಒಂದು ತುಂಡು ಕತ್ತರಿಸಿ ಮಗುಚಿ ಹಾಕಿ. ತಳವೂ ಕಂದಾಗಿದ್ದು, ಚಾಕು ತಾಗಿಸಿದರೆ ಸದ್ದು ಮಾಡಿದರೆ, ಕೊಟ್ಟ ಹಣ ಸಂದಿದೆ.