ಮರ್ಯಾದೆಗೆ ಅಂಜಿ ನ್ಯಾಯಾಲಯದ ಬಾಗಿಲು ಮುಚ್ಚಿಸಲಾಗದು

"ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ, ಗೋಪ್ಯ ವಿಚಾರಣೆಗೆ ಅರ್ಜಿ ಹಾಕಿ ಸರ್" ಎಂದು ಬರುವ ಕಕ್ಷಿದಾರರಿಗೆ ನಾನು ಪ್ರತಿ ಸಲವೂ ಹೇಳುವುದು ಒಂದೇ: ಆ ಭಯವೊಂದೇ ಸಾಲದು. ಪಾಲುದಾರರ ಲೆಕ್ಕದ ಜಗಳದಲ್ಲಾಗಲಿ ಆಸ್ತಿ ವಿಭಾಗದ ದಾವೆಯಲ್ಲಾಗಲಿ ಮುಜುಗರ ಇದ್ದೇ ಇರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಕಲಮಿನ ಪ್ರಕಾರ ವಿಚಾರಣೆ ನಡೆಯುವ ಸ್ಥಳವು, ಜಾಗ ಹಿಡಿಸುವ ಮಟ್ಟಿಗೆ, ಸಾರ್ವಜನಿಕರು ಬಂದು ಕೂರಬಹುದಾದ ಮುಕ್ತ ನ್ಯಾಯಾಲಯ. ಅವರನ್ನು ಹೊರಗಿಡುವ ಅಧಿಕಾರ ನ್ಯಾಯಾಧೀಶರಿಗೆ ಇದೆಯಾದರೂ ಅದು ಅಪವಾದವೇ.

ಓದಿಕೊಂಡು ಬಂದವರು 1966ರ ಮಿರಾಜ್‌ಕರ್ ತೀರ್ಪನ್ನು ಮುಂದಿಡುತ್ತಾರೆ. ತನ್ನ ಸಾಕ್ಷ್ಯ ಪತ್ರಿಕೆಯಲ್ಲಿ ಬಂದು ವ್ಯಾಪಾರಕ್ಕೆ ನಷ್ಟವಾಯಿತೆಂದು ಸಾಕ್ಷಿಯೊಬ್ಬ ಹೇಳಿಕೊಂಡಾಗ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಆ ಸಾಕ್ಷ್ಯದ ಪ್ರಕಟಣೆಯನ್ನು ತಡೆದದ್ದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಎತ್ತಿಹಿಡಿದದ್ದು ನಿಜ. ಆದರೆ ಬಹುಮತದ ಕಾಳಜಿ ಇದ್ದದ್ದು ಅವನ ವ್ಯಾಪಾರದ ಮೇಲಲ್ಲ, ಅವನ ಬಾಯಿಂದ ಬರಬೇಕಿದ್ದ ಸತ್ಯದ ಮೇಲೆ. ನ್ಯಾಯಮೂರ್ತಿ ಹಿದಾಯತುಲ್ಲಾ ಅದಕ್ಕೂ ಒಪ್ಪದೆ ಭಿನ್ನ ತೀರ್ಪು ಬರೆದರು. ಆದ್ದರಿಂದ ನಾನು ಕಕ್ಷಿದಾರರನ್ನು ಕೇಳುತ್ತೇನೆ: ಜನರೆದುರು ವಿಚಾರಣೆ ನಡೆದರೆ ನಿಮ್ಮ ಯಾವ ಸಾಕ್ಷಿ ಯಾವ ಸಂಗತಿಯನ್ನು ಹೇಳಲಾರದೆ ಹೋಗುತ್ತಾನೆ? ವ್ಯಾಪಾರದ ಗುಟ್ಟೇ ವಿವಾದದ ವಸ್ತುವಾಗಿದ್ದರೆ ಮಾತು ಬೇರೆ. ಅಂಥದ್ದೇನೂ ಇಲ್ಲದಿದ್ದರೆ ಅರ್ಜಿಯಿಂದ ಒಂದೆರಡು ವಾಯಿದೆ ಕಳೆಯುವುದಷ್ಟೇ ಲಾಭ. ಪ್ರತಿ ಪ್ರಕರಣದ ಸಂಗತಿಗಳು ಬೇರೆ, ವಿವೇಚನೆ ನ್ಯಾಯಾಧೀಶರದು ಎಂಬುದನ್ನು ಮಾತ್ರ ಮರೆಯಬಾರದು.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ಅತ್ಯಾಚಾರದ ವಿಚಾರಣೆಗೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಪ್ರಕರಣಕ್ಕೂ ಕಾನೂನೇ ಬಾಗಿಲು ಮುಚ್ಚುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 11ನೆಯ ಕಲಮಿನಡಿ ಇಬ್ಬರಲ್ಲಿ ಒಬ್ಬರು ಬಯಸಿದರೂ ಸಾಕು, ವಿಚಾರಣೆ ಗೋಪ್ಯವಾಗಿ ನಡೆಯಲೇಬೇಕು. ಆದರೆ ಅದರ ಅಗತ್ಯ ನಿಜವಾಗಿ ಇರುವವರು ಕೇಳುವುದೇ ಇಲ್ಲ. ವಿಚ್ಛೇದನ ಕೇಳಿ ಬಂದಿದ್ದ ಹೆಣ್ಣುಮಗಳೊಬ್ಬಳು ತುಂಬಿದ ಹಾಲಿನಲ್ಲಿ ಪಾಟೀ ಸವಾಲಿಗೆ ನಿಂತು, ಎದುರು ವಕೀಲರು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ "ಇಲ್ಲ" ಎನ್ನುತ್ತಿದ್ದಳು. ಆ "ಇಲ್ಲ"ಗಳು ಅವಳ ಪ್ರಕರಣವನ್ನೇ ಮುಳುಗಿಸುತ್ತಿದ್ದವು. ನಾನು ಎದ್ದು ಗೋಪ್ಯ ವಿಚಾರಣೆಗೆ ಕೋರಿದೆ. ಜನ ಹೊರಗೆ ಹೋದ ಮೇಲೆ ಆಕೆ ಒಂದು ಗಂಟೆ ಮಾತಾಡಿದಳು. ಸಂಜೆ ಮೆಟ್ಟಿಲಿಳಿಯುತ್ತ ನನ್ನನ್ನು ಕೇಳಿದಳು: "ಹೀಗೆ ಕೇಳಬಹುದು ಅಂತ ಮೊದಲೇ ಯಾಕೆ ಹೇಳಲಿಲ್ಲ, ಸರ್?"