ಉಕ್ಕು ಉಕ್ಕುವುದಿಲ್ಲ

ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊದ್ ಹತ್ತಿರ ಬಂದರೆ ಸಾಕು, ಫೋನಿಗೆ ಒಂದು ಮೆಸೇಜು ತಪ್ಪದೆ ಬರುತ್ತದೆ. ಮೇಲೆ ಒಡಿಕತ್ತಿಯ, ಅಂದರೆ ಕೊಡವರ ಅಗಲ ಬಾಗಿನ ಕತ್ತಿಯ ಫೋಟೋ, ಕೆಳಗೆ ನಾಲ್ಕು ಸಾಲು. ಕೊಡಗಿನ ಒಡಿಕತ್ತಿ ‘ವೂಟ್ಜ್ ಉಕ್ಕಿನ’ದಂತೆ. ಕಾಯಿಸಿದಾಗ ಹಾಲಿನ ಹಾಗೆ ಉಕ್ಕುವುದರಿಂದ ಅದಕ್ಕೆ ಉಕ್ಕು ಅಂತ ಹೆಸರಂತೆ. ನಮ್ಮ ಬೆಟ್ಟಗಳಲ್ಲಿ ಸಿಗುತ್ತಿದ್ದ ‘ಉಕ್ಕಿನ ಅದಿರಿ’ನಿಂದ ಮಾಡುತ್ತಿದ್ದರಂತೆ. ನಾಲ್ಕು ಸಾಲಿಗೆ ಮೂರು ತಪ್ಪು. ನಾಲ್ಕೈದು ವರ್ಷ ಓದಿ ಅಳಿಸಿದೆ. ಈ ಸಲ ಅದೇ ಮಾತು ಮಡಿಕೇರಿಯ ಒಂದು ಅಂಗಡಿಯ ಬೋರ್ಡಿನಲ್ಲೇ ಕಂಡಿತು. ಇನ್ನು ಸುಮ್ನಿರಲು ಆಗಲಿಲ್ಲ.

ಅದಿರಿನ ಮಾತು ಮೊದಲು ಮುಗಿಸಿಬಿಡೋಣ, ಅದರಲ್ಲಿ ಜಾಸ್ತಿ ಏನೂ ಇಲ್ಲ. ನೆಲದಲ್ಲಿ ಸಿಗುವುದು ಕಬ್ಬಿಣದ ಅದಿರು. ಸಂಡೂರಲ್ಲಾಗಲಿ ಬಾಬಾಬುಡನ್‌ಗಿರಿಯಲ್ಲಾಗಲಿ ಉಕ್ಕನ್ನು ಯಾರೂ ಅಗೆದು ತೆಗೆದಿಲ್ಲ. ಅದು ಮನುಷ್ಯ ಮಾಡುವ ವಸ್ತು. ‘ಉಕ್ಕಿನ ಅದಿರು’ ಅಂದರೆ ‘ಕಡಂಬುಟ್ಟು (ಅಕ್ಕಿ ಕಡುಬು) ಬೆಳೆಯುವ ಗದ್ದೆ’ ಅಂದ ಹಾಗೆ. ಪತ್ರಿಕೆಗಳೂ ಹೀಗೆ ಬರೆಯುತ್ತವೆ, ಅದೇ ಬೇಜಾರು.

ಈಗ ಹೆಸರಿಗೆ ಬರೋಣ. ಹಾಲು ಉಕ್ಕುವ ಉಕ್ಕು, ಲೋಹದ ಉಕ್ಕು, ಎರಡೂ ಕಿವಿಗೆ ಒಂದೇ. ಹಾಗಂತ ನೆಂಟರಲ್ಲ. ಮರಗಳಿರುವ ಕಾಡಿಗೂ ಪೀಡಿಸುವ ಕಾಡಿಗೂ ಏನು ಸಂಬಂಧ? ಕಬ್ಬಿಣಕ್ಕೂ ಕಬ್ಬಿಗೂ ಎಷ್ಟು ಸಂಬಂಧವೋ ಅಷ್ಟೇ.

ಲೋಹದ ಉಕ್ಕಿನ ಬೇರು ಹುಡುಕಬೇಕಾದರೆ ಮಾಕುಟ್ಟದ ಗೇಟು ದಾಟಿ ಕೇರಳಕ್ಕೆ ಇಳಿದರೆ ಸಾಕು. ಇರಿಟ್ಟಿಯಲ್ಲಿ ಯಾರನ್ನಾದರೂ ಕೇಳಿ, ಸ್ಟೀಲಿಗೆ ‘ಉರುಕ್ಕ್’ ಅನ್ನುತ್ತಾರೆ. ತಮಿಳಿನಲ್ಲೂ ‘ಉರುಕ್ಕು’. ಆ ಎರಡು ಭಾಷೆಗಳಲ್ಲಿ ‘ಉರುಕು’ ಅಂದರೆ ಕರಗು. ಬೆಣ್ಣೆ ಉರುಕುತ್ತದೆ, ಮೇಣ ಉರುಕುತ್ತದೆ. ತೆಂಗಿನ ಹಾಲನ್ನು ಕಾಯಿಸಿ ತೆಗೆಯುವ ಎಣ್ಣೆಗೆ ಕೇರಳದಲ್ಲಿ ‘ಉರುಕ್ಕು ವೆಳಿಚ್ಚೆಣ್ಣ’ ಅಂತಲೇ ಹೆಸರು. ಅದನ್ನು ಉಕ್ಕಿನ ಎಣ್ಣೆ ಅಂತ ಯಾರೂ ಮೆಸೇಜು ಕಳಿಸಿಲ್ಲ, ಸದ್ಯ. ಅಂದರೆ ಉಕ್ಕು ‘ಕರಗಿಸಿದ್ದು’, ಉಕ್ಕಿದ್ದಲ್ಲ.

ಹಾಗಾದರೆ ನಡುವಿನ ‘ರ’ ಎಲ್ಲಿ ಹೋಯಿತು ಅಂತ ಕೇಳುವವರಿಗೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನವೇ ಉತ್ತರ. ಅವತ್ತು ಮದ್ದುಸೊಪ್ಪಿನ ರಸದಲ್ಲಿ ಮಾಡಿ ತಿನ್ನುವ ಮದ್ದುಪುಟ್ಟಿನ ‘ಮದ್ದು’ ತಮಿಳಿನಲ್ಲಿ ‘ಮರುಂದು’, ಹಳಗನ್ನಡದಲ್ಲಿ ‘ಮರ್ದು’. ‘ಇರ್ಪತ್ತು’ ಇಪ್ಪತ್ತಾಯಿತು. ಹೀಗೆ ಒತ್ತಿನ ಹಿಂದಿನ ರಕಾರವನ್ನು ನುಂಗಿ ಮುಂದಿನ ಅಕ್ಷರವನ್ನು ದಪ್ಪ ಮಾಡುವುದು ಕನ್ನಡದ ಹಳೇ ಚಾಳಿ. ಉರುಕ್ಕು, ಉರ್ಕು, ಉಕ್ಕು. ದಾರಿ ನೇರವಾಗಿದೆ. ಗೊಂದಲ ಏಕೆಂದರೆ, ಹಾಲುಕ್ಕುವ ಉಕ್ಕಿಗೂ ಹಳಗನ್ನಡದಲ್ಲಿ ‘ಉರ್ಕು’ ಅನ್ನುವ ರೂಪವೇ ಇತ್ತು. ಸೊಕ್ಕಿಗೂ ಅದೇ ಮಾತು. ಎರಡು ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ಆಕಾರಕ್ಕೆ ಬಂದು ನಿಂತವು.

ಕಬ್ಬಿಣವೂ ಇದೇ ಗಿರಣಿಯಲ್ಲಿ ಬಿದ್ದು ಬಂದ ಪದ. ‘ಕರ್’ ಅಂದರೆ ಕಪ್ಪು, ‘ಪೊನ್’ ಅಂದರೆ ಹೊನ್ನು, ಲೋಹ. ಕರ್ಬೊನ್, ಕರ್ಬುನ, ಕಬ್ಬುನ, ಕಬ್ಬಿಣ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಬ್ಬಿಣದ ಹೆಸರು ಬಣ್ಣ ನೋಡಿ ಇಟ್ಟದ್ದು. ಉಕ್ಕಿನ ಹೆಸರು ಕೆಲಸ ನೋಡಿ ಇಟ್ಟದ್ದು.

ಆ ಹೆಸರಿಟ್ಟವನು ಕುಲುಮೆಯ ಪಕ್ಕದಲ್ಲೇ ಕೂತಿದ್ದ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಏಕೆಂದರೆ ಹಳೇ ಕಾಲದಲ್ಲಿ ನಮ್ಮ ಕಡೆ ಕಬ್ಬಿಣವನ್ನು ಕರಗಿಸುತ್ತಲೇ ಇರಲಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಮಣ್ಣಿನ ಗೂಡು, ಇದ್ದಿಲು, ಕೈಯಿಂದ ಒತ್ತುವ ತಿದಿ, ಇಷ್ಟರಲ್ಲಿ ಅಷ್ಟು ಕಾವು ಬರುವುದಿಲ್ಲ. ಸುಮಾರು 1200 ಡಿಗ್ರಿಯಲ್ಲಿ ಅದಿರಿನ ಕಲ್ಲುಮಣ್ಣು ಕರಗಿ ಕಿಟ್ಟವಾಗಿ ಹರಿದುಹೋಗುತ್ತಿತ್ತು. ಕಬ್ಬಿಣ ಮಾತ್ರ ಗಟ್ಟಿಯಾಗಿಯೇ ಉಳಿದು, ತೂತುತೂತಾದ ಮುದ್ದೆಯಾಗಿ ಗೂಡಿನ ತಳದಲ್ಲಿ ಕೂರುತ್ತಿತ್ತು. ಅದನ್ನು ಕೆಂಪಗಿರುವಾಗಲೇ ಎಳೆದು, ಬಡಿದು ಬಡಿದು ಒಳಗಿನ ಕಿಟ್ಟ ಹೊರಗೆ ಹಾಕಬೇಕು. ಬರುವುದು ಮೆದು ಕಬ್ಬಿಣ. ಬಾಗುತ್ತದೆ, ಅಲಗು ನಿಲ್ಲುವುದಿಲ್ಲ.

ಅದನ್ನು ಉಕ್ಕು ಮಾಡಲು ಇನ್ನೊಂದು ಸುತ್ತು. ಮೆದು ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣದ ಒಳಗೆ ಇಳಿಯುತ್ತದೆ. ಇಂಗಾಲ ಸೇರಿದಷ್ಟೂ ಕರಗುವ ಕಾವು ಇಳಿಯುತ್ತದೆ. ನೂರಕ್ಕೆ ಒಂದೂವರೆ ಪಾಲು ಸೇರುವ ಹೊತ್ತಿಗೆ ಮೂಸೆಯೊಳಗಿನ ಕಬ್ಬಿಣ ನೀರಾಗಿರುತ್ತದೆ. ನಿಧಾನವಾಗಿ ಆರಿಸಿ ಮೂಸೆ ಒಡೆದರೆ ಉಕ್ಕಿನ ಗಟ್ಟಿ.

ಕಮ್ಮಾರನ ಬದುಕಿನಲ್ಲಿ ಕಬ್ಬಿಣ ಪೂರ್ತಿ ಕರಗಿದ್ದು ಅಲ್ಲಿ ಮಾತ್ರ. ‘ಕರಗಿಸಿದ್ದು’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಯಾವುದು ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಇನ್ನು ಉಕ್ಕುವ ಮಾತು? ಮೂಸೆಯ ಬಾಯಿ ಮುಚ್ಚಿರುತ್ತದೆ. ಅದು ಬಿರಿದು ಗಾಳಿ ಒಳಗೆ ಹೋದರೆ ಇಂಗಾಲ ಸುಟ್ಟುಹೋಗಿ ಇಡೀ ದಿನದ ಕೆಲಸ ಕೆಡುತ್ತದೆ. ಉಕ್ಕಿ ಚೆಲ್ಲಿದರಂತೂ ಕೇಳುವುದೇ ಬೇಡ.

‘ವೂಟ್ಜ್ ಉಕ್ಕು’ ಇನ್ನೊಂದು ತಮಾಷೆ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಅನ್ನುವ ವೈದ್ಯ ಈ ಮೂಸೆ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಅಲ್ಲಿಂದ ‘ವೂಟ್ಜ್’ ಅನ್ನುವ ಹೆಸರು ಇಂಗ್ಲಿಷಿನಲ್ಲಿ ನೆಲೆಯೂರಿತು. 1886ರ ಹಾಬ್ಸನ್-ಜಾಬ್ಸನ್ ನಿಘಂಟು ಇದಕ್ಕೆ ಕೊಡುವ ವಿವರಣೆಯೇ ಇವತ್ತಿಗೂ ಹೆಚ್ಚಿನವರು ಒಪ್ಪುವಂಥದ್ದು: ಕನ್ನಡದ ಉಕ್ಕನ್ನು ‘ವುಕ್’ ಅಂತ ಬರೆದದ್ದು, ಯಾರದೋ ಕೈತಪ್ಪಿನಲ್ಲೋ ಕಣ್ತಪ್ಪಿನಲ್ಲೋ ವೂಟ್ಜ್ ಆಗಿರಬೇಕು. ಮೈಕೆಲ್ ಫ್ಯಾರಡೆ 1819ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿ, ಸ್ಟೊಡಾರ್ಟ್ ಅನ್ನುವವನ ಜೊತೆ ಸೇರಿ ಅದರಂಥ ಬೆರಕೆ ಮಾಡಲು ಒದ್ದಾಡಿದ. ವಿದ್ಯುತ್ತಿನ ಫ್ಯಾರಡೆಯೇ. ಹೋಗಲಿ, ನನ್ನ ತಕರಾರು ಅವರ ಮೇಲಲ್ಲ. ನಮ್ಮದೇ ಪದ ಲಂಡನ್ನಿಗೆ ಹೋಗಿ ಕೈಕಾಲು ಮುರಿದುಕೊಂಡು ಬಂದರೆ, ಅದರ ಮುಂದೆ ಮತ್ತೆ ‘ಉಕ್ಕು’ ಸೇರಿಸಿ ಬರೆಯುತ್ತೇವಲ್ಲ, ಅದರ ಮೇಲೆ. ವೂಟ್ಜ್ ಉಕ್ಕು ಅಂದರೆ ಉಕ್ಕು ಉಕ್ಕು. ನಡು ಸೆಂಟರ್ ಅಂದ ಹಾಗೆ. ಮೂಸೆ ಉಕ್ಕು ಅನ್ನಿ, ಸಾಕು.

ಒಂದು ಮಾತು ಒಪ್ಪಿಕೊಳ್ಳಬೇಕು. ಮನೆ ಕಟ್ಟುವಾಗ ‘ಎರಡು ಟನ್ ಕಬ್ಬಿಣ ಬಂತು’ ಅನ್ನುತ್ತೇವೆ. ಬಿಲ್ಲಿನಲ್ಲಿ ಸ್ಟೀಲ್ ಅಂತಿರುತ್ತದೆ. ಇಲ್ಲಿ ಯಾರನ್ನೂ ತಿದ್ದಲು ಹೋಗಬೇಡಿ. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಬೀಡಿಗೆ (ಇಂಗಾಲ ಜಾಸ್ತಿಯಿರುವ ಎರಕದ ಕಬ್ಬಿಣಕ್ಕೆ) ಗಾಳಿ ಊದಿ ಇಂಗಾಲ ತೆಗೆಯುವ ದಾರಿ ಕಂಡುಹಿಡಿದ ಮೇಲೆ ಈ ಜಗಳ ಯುರೋಪು, ಅಮೆರಿಕದಲ್ಲೂ ನಡೆಯಿತು. ಬಂದ ಸರಕಿನಲ್ಲಿ ಇಂಗಾಲ ಕಡಿಮೆ, ಗುಣ ಕಬ್ಬಿಣದ್ದು. ಆದರೆ ಕರಗಿ ಬಂದದ್ದು. ಇದನ್ನು ಸ್ಟೀಲ್ ಅನ್ನಬೇಕೋ ಬೇಡವೋ? 1876ರಲ್ಲಿ ಫಿಲಡೆಲ್ಫಿಯಾದಲ್ಲಿ ತಜ್ಞರ ಸಮಿತಿ ಕೂತು, ಕಾಯಿಸಿ ನೀರಿಗದ್ದಿದಾಗ ಗಡಸಾಗದಿದ್ದರೆ ಅದು ಕಬ್ಬಿಣವೇ ಅಂದಿತು. ವ್ಯಾಪಾರಿಗಳು ಕೇಳಲಿಲ್ಲ. ಕರಗಿದ್ದೆಲ್ಲ ಸ್ಟೀಲ್ ಅಂತ ಮಾರಿದರು, ಅದೇ ನಿಂತಿತು. ಸುತ್ತಿ ಸುತ್ತಿ ಅವರು ಬಂದು ಸೇರಿದ್ದು ‘ಉರುಕ್ಕು’ ಅನ್ನುವ ಲೆಕ್ಕಕ್ಕೇ.

ಬೀಡಿನ ಮಾತು ಬಂತಲ್ಲ. ಬೀಡಿನ ಕಾವಲಿಯನ್ನು ‘ಉಕ್ಕಿನ ಕಾವಲಿ’ ಅಂತ ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡಕ್ಕಿಂತ ಜಾಸ್ತಿ, ಸಾಮಾನ್ಯವಾಗಿ ಮೂರು, ಮೂರೂವರೆ. ಕೈತಪ್ಪಿ ಕಲ್ಲಿನ ನೆಲಕ್ಕೆ ಬಿದ್ದರೆ ಎರಡು ಹೋಳು. ಉಕ್ಕು ಹಾಗೆ ಒಡೆಯುವುದಿಲ್ಲ. ಆಡುಮಾತು ಇದನ್ನೆಲ್ಲ ಚೆನ್ನಾಗಿಯೇ ತಿಳಿದಿದೆ. ಅಗಿಯಲಾಗದ ಕಡಲೆ ಕಬ್ಬಿಣದ್ದು, ಪಟೇಲರು ಮಾತ್ರ ‘ಉಕ್ಕಿನ ಮನುಷ್ಯ’. ಇಂಗ್ಲಿಷಿನಲ್ಲಿ ಅವರು ಕಬ್ಬಿಣದ ಮನುಷ್ಯ. ಕನ್ನಡಕ್ಕೆ ತಂದವರು ಬಾಗದ ಲೋಹವನ್ನೇ ಆರಿಸಿದರು, ನನಗೆ ಅದು ಇಷ್ಟ.

ಉಳಿದದ್ದು ಒಡಿಕತ್ತಿ. ಮೂಸೆ ಉಕ್ಕಿಗೆ ಹೆಸರಾದದ್ದು ತೆಲಂಗಾಣದ ಕೋನಸಮುದ್ರಂ, ಸೇಲಂ ಸೀಮೆ, ಮೈಸೂರಿನ ಬಯಲು. ಕೊಡಗಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅದರಿಂದ ಒಡಿಕತ್ತಿಯ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ. ಅದರ ಹೆಚ್ಚುಗಾರಿಕೆ ಇರುವುದು ಆ ಅಗಲ ಬಾಗಿನಲ್ಲಿ, ಹದದಲ್ಲಿ, ಬೆನ್ನಿಗೆ ಕಟ್ಟುವ ಲೋಹದ ಕೊಂಡಿ ತೊಡಂಗಿನಲ್ಲಿ ಕೂರುವ ರೀತಿಯಲ್ಲಿ.

ಬೋರ್ಡು ನೋಡಿದ ದಿನ ಆ ಅಂಗಡಿಯಲ್ಲಿ ಒಂದು ಸಣ್ಣ ಪೀಚೆಕತ್ತಿ ಕೊಂಡೆ, ‘ಅಪ್ಪಟ ವೂಟ್ಜ್’ ಅಂತ ಚೀಟಿ ಇತ್ತು. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ. ನಮ್ಮೂರ ಐರಿಯ, ಅಂದರೆ ಕಮ್ಮಾರರ ಕೈಗೆ ಕೊಟ್ಟೆ. ಅವರು ಒಂದು ಕ್ಷಣ ಗ್ರೈಂಡರಿಗೆ ಹಿಡಿದರು. ಇಂಗಾಲ ಜಾಸ್ತಿಯಿದ್ದರೆ ಕಿಡಿ ಹೂವಿನ ಹಾಗೆ ಒಡೆದು ಚದುರುತ್ತದೆ. ಇದರ ಕಿಡಿ ಉದ್ದಕ್ಕೆ ಗೆರೆಯಾಗಿ ಹೋಗಿ ಆರಿತು. ಅಲೆಯ ಗೆರೆಯೂ ಉಜ್ಜಿದಲ್ಲಿ ಅಳಿಸಿಹೋಯಿತು. ಆಮೇಲೆ ಅವರು ತಮ್ಮ ಕತ್ತಿಯೊಂದನ್ನು ಹಿಡಿದು ತೋರಿಸಿದರು, ಕಿಡಿ ಮತಾಪಿನಂತೆ ಒಡೆಯಿತು.

“ಇದು ಎಲ್ಲಿಯ ಉಕ್ಕು?” ಅಂತ ಕೇಳಿದೆ.

“ಲಾರಿಯದ್ದು” ಅಂದರು. ಹಳೇ ಲಾರಿಯ ಕಮಾನುಪಟ್ಟಿ, ಗುಜರಿಯಿಂದ ತಂದದ್ದು.