ದೊಡ್ಡವಳು ಎಂದರೆ ಎಷ್ಟು ದೊಡ್ಡವಳು?

ನಾಲ್ಕು ತಿಂಗಳಿನಿಂದ ಹೊಟ್ಟೆನೋವು ಎಂದು ಒಂಬತ್ತು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಜೊತೆಯಲ್ಲಿ ಅಮ್ಮ, ಅಜ್ಜಿ, ಅಜ್ಜಿಯ ಕಂಕುಳಲ್ಲಿ ಎರಡೂವರೆ ವರ್ಷದ ತಮ್ಮ. ಕೈಚೀಲದಲ್ಲಿ ಎರಡು ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಚೀಟಿಗಳು, ಅರ್ಧ ಖಾಲಿಯಾದ ಮೂರು ಬಗೆಯ ಸಿರಪ್. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯೂ ಆಗಿತ್ತು. ನೋವು ಎಲ್ಲಿ ಎಂದು ಕೇಳಿದಾಗ ಹುಡುಗಿ ಹೊಕ್ಕುಳಿನ ಮೇಲೆ ಅಂಗೈ ಇಟ್ಟಳು. ಅವಳೊಡನೆ ನಾನು ಮಾತನಾಡುತ್ತಿರುವಾಗಲೇ ತಮ್ಮ ಕೆಳಗೆ ಜಾರಿ ಬಂದು ಅವಳ ಜಡೆ ಹಿಡಿದು ಜಗ್ಗಿದ, ತಲೆ ಹಿಂದಕ್ಕೆ ವಾಲುವಷ್ಟು ಜೋರಾಗಿ. ಅವಳು ಅಳಲಿಲ್ಲ, ಅಮ್ಮನ ಮುಖ ನೋಡಿದಳು. ಅಮ್ಮ ಹೇಳಿದ್ದು ಇಷ್ಟೇ: "ಬಿಡು, ಅವನಿಗೇನು ಗೊತ್ತಾಗುತ್ತದೆ? ನೀನು ದೊಡ್ಡವಳಲ್ಲವೇ?"

ಮಕ್ಕಳ ವೈದ್ಯೆಯಾಗಿ ಇಪ್ಪತ್ತೆರಡು ವರ್ಷಗಳಿಂದ ಈ ಮಾತನ್ನು ಕೇಳುತ್ತಿದ್ದೇನೆ. ಇಂದಿಗೂ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ಆ ತಾಯಿಯ ಮೇಲಲ್ಲ. ಆಕೆಯನ್ನೂ ಇದೇ ಮಾತು ಹೇಳಿ ಬೆಳೆಸಿರುತ್ತಾರೆ.

ಮೊದಲು ಹೊಟ್ಟೆನೋವಿನ ಮಾತು ಮುಗಿಸುತ್ತೇನೆ, ಇಲ್ಲದಿದ್ದರೆ ಓದುಗರು ಪತ್ರ ಬರೆದು ಕೇಳುತ್ತಾರೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಮರುಕಳಿಸುವ ಹೊಟ್ಟೆನೋವು ಬಹಳ ಸಾಮಾನ್ಯ. ಇಂಗ್ಲೆಂಡಿನ ವೈದ್ಯ ಜಾನ್ ಆಪ್ಲೆ ಮತ್ತು ಅವರ ಸಹೋದ್ಯೋಗಿ 1958ರಲ್ಲಿ ಒಂದು ಸಾವಿರ ಶಾಲಾ ಮಕ್ಕಳನ್ನು ಪರಿಶೀಲಿಸಿ, ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಇಂಥ ನೋವಿದೆ ಎಂದು ಬರೆದರು. ಅವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯ ಕಾಯಿಲೆ ಇರಲಿಲ್ಲ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಕಾಯಿಲೆಯ ಸಂಶಯ ಹೆಚ್ಚು ಎಂಬ ಆಪ್ಲೆಯವರ ಮಾತನ್ನು ನಮಗೆ ಇಂದಿಗೂ ಪಾಠ ಮಾಡುತ್ತಾರೆ. ಹಾಗೆಂದು ಓದುಗರು ತಾವೇ ತೀರ್ಮಾನಿಸಬಾರದು. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಈ ಹುಡುಗಿಗೆ ಯಾವುದೂ ಇರಲಿಲ್ಲ. ಆದರೂ ನೋವು ನಿಜವಾದದ್ದು. "ನಾಟಕ ಮಾಡುತ್ತಾಳೆ" ಎಂದು ಅಜ್ಜಿ ಪಿಸುಗುಟ್ಟಿದಾಗ ಅವರನ್ನು ಅಲ್ಲೇ ತಡೆದೆ. ಮನಸ್ಸು ಬಿಗಿದಾಗ ಕರುಳೂ ಬಿಗಿಯುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ನಮಗೆಲ್ಲ ಆಗುತ್ತಿದ್ದದ್ದೂ ಅದೇ.

ಈಗ ನಾನು ಹೇಳಬೇಕಾದ ಮಾತು. "ದೊಡ್ಡವಳು" ಎಂಬುದು ವಯಸ್ಸಲ್ಲ, ಹೋಲಿಕೆ. ತಮ್ಮ ಹುಟ್ಟುವ ಹಿಂದಿನ ದಿನ ಈ ಹುಡುಗಿಗೆ ಆರೂವರೆ ವರ್ಷ. ಆ ರಾತ್ರಿಯವರೆಗೆ ಅವಳು ಮನೆಯ ಪುಟ್ಟಿ. ಅಮ್ಮ ತುತ್ತು ಮಾಡಿ ತಿನ್ನಿಸುತ್ತಿದ್ದಳು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸುತ್ತಿದ್ದ. ಮರುದಿನ ಹೆರಿಗೆ ವಾರ್ಡಿನಲ್ಲಿ ಯಾರೋ ಅವಳ ಗಲ್ಲ ಹಿಂಡಿ "ಇನ್ನು ನೀನು ದೊಡ್ಡವಳಾದೆ" ಎಂದರು. ಒಂದು ರಾತ್ರಿಯಲ್ಲಿ ಅವಳ ಮೂಳೆ ಬೆಳೆಯಲಿಲ್ಲ, ಬುದ್ಧಿ ಬೆಳೆಯಲಿಲ್ಲ, ಕತ್ತಲೆಯ ಭಯ ಹೋಗಲಿಲ್ಲ. ಬದಲಾದದ್ದು ಪಕ್ಕದಲ್ಲಿ ಮಲಗಿದ್ದ ಮಗು ಮಾತ್ರ.

ತಾಯಂದಿರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗನಿಗೆ ಒಂಬತ್ತು ವರ್ಷವಾದಾಗ ಅವನನ್ನು ಏನೆಂದು ಕರೆಯುತ್ತೀರಿ? ಸ್ವಲ್ಪ ಯೋಚಿಸಿ, ನಕ್ಕು, "ಚಿಕ್ಕವನು ಎಂದೇ" ಎನ್ನುತ್ತಾರೆ. ಅಂದರೆ ಒಂಬತ್ತು ವರ್ಷದ ಮಗುವಿಗೆ ಸಿಟ್ಟು ಬರಬಹುದು, ಹಟ ಮಾಡಬಹುದು, ತನ್ನ ವಸ್ತು ತನಗೇ ಬೇಕೆನ್ನಬಹುದು ಎಂಬುದು ಅವರಿಗೆ ಗೊತ್ತಿದೆ. ಅಷ್ಟನ್ನು ಮಗನಿಗೆ ಕೊಡಲು ಈಗಲೇ ಸಿದ್ಧರಿದ್ದಾರೆ. ಅದೇ ಒಂಬತ್ತು ವರ್ಷದ ಮಗಳು ಎದುರು ಕುಳಿತಿದ್ದಾಳೆ, ಅವಳಿಗೆ ಮಾತ್ರ ಇಲ್ಲ. ಅವಳು ಮೊದಲು ಹುಟ್ಟಿದ್ದೇ ತಪ್ಪಾಯಿತು. "ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ" ಎಂದು ಅಜ್ಜಿ ಗಾದೆ ಹೇಳಿದರು. ಆ ಗಾದೆಯಿಂದ ಎಷ್ಟು ಹಿರಿಯಕ್ಕಂದಿರ ಬೆನ್ನು ಬಾಗಿದೆಯೋ!

ಚಿಕ್ಕವನೂ ದುಷ್ಟನಲ್ಲ. ಎರಡೂವರೆ ವರ್ಷದ ಮಗುವಿಗೆ "ಹೊಡೆಯಬಾರದು" ಎಂಬ ಮಾತು ಅರ್ಥವಾಗುತ್ತದೆ, ಆದರೆ ಎದ್ದ ಕೈಯನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. "ಹೊಡೆಯಬಾರದು, ಹೊಡೆಯಬಾರದು" ಎಂದು ತೊದಲುತ್ತಲೇ ಹೊಡೆಯುವ ಮಕ್ಕಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಆ ಹಿಡಿತ ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಅಲ್ಲಿಯವರೆಗೆ ಅವನ ಕೈ ಹಿಡಿಯಬೇಕಾದವರು ಯಾರು? ಮನೆಯ ದೊಡ್ಡವರು, ಮೂವತ್ತು ವರ್ಷ, ಅರವತ್ತು ವರ್ಷ ತುಂಬಿದ ನಿಜವಾದ ದೊಡ್ಡವರು. ಅವರು ಏಳದೆ, ಕುಳಿತಲ್ಲಿಂದಲೇ "ಬಿಟ್ಟುಕೊಡು" ಎಂದಾಗ ತಮ್ಮ ಕೆಲಸವನ್ನು ಒಂಬತ್ತು ವರ್ಷದ ಮಗುವಿಗೆ ದಾಟಿಸಿದಂತಾಯಿತು. ಬಿಟ್ಟುಕೊಟ್ಟ ಮಗುವಿಗೆ ಸಿಗುವುದು "ಜಾಣೆ" ಎಂಬ ಒಂದು ಪದ. ಚಿಕ್ಕವನಿಗೆ ಸಿಗುವುದು ಪೆನ್ಸಿಲ್, ತೊಡೆ, ಮೊಬೈಲ್. ಅತ್ತರೆ ಸಿಗುತ್ತದೆ ಎಂದು ಅವನು ಕಲಿಯುತ್ತಾನೆ, ಹೇಳಿದರೆ ಪ್ರಯೋಜನವಿಲ್ಲ ಎಂದು ಅವಳು ಕಲಿಯುತ್ತಾಳೆ.

ಕೆಲವು ವರ್ಷಗಳ ಹಿಂದೆ ಏಳು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ತಂಗಿಯನ್ನು ಯಾರೂ ಇಲ್ಲದಾಗ ಚಿವುಟುತ್ತಾನೆ ಎಂಬ ದೂರು. ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವನನ್ನು ಕೇಳಿದೆ. ಬಹಳ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಆಮೇಲೆ, "ಮೂರು ಸಲ ಅಮ್ಮನಿಗೆ ಹೇಳಿದೆ ಡಾಕ್ಟರ್, ನಾಲ್ಕನೇ ಸಲ ಚಿವುಟಿದೆ" ಎಂದ. ಮೂರು ಸಲ ಅವನು ಸರಿಯಾದದ್ದನ್ನೇ ಮಾಡಿದ್ದ. ಯಾರೂ ಎದ್ದು ಬಂದಿರಲಿಲ್ಲ.

ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ತೀರಾ ಸಾಮಾನ್ಯವಾದದ್ದು. ಎದ್ದು ಹೋಗಿ, ಚಿಕ್ಕವನ ಕೈ ಹಿಡಿದು, ಜಡೆ ಬಿಡಿಸಿ, ಅವನನ್ನು ಎತ್ತಿಕೊಂಡು ಆಚೆ ಹೋಗಿ. ಬೈಯಬೇಕಿಲ್ಲ, ಹೊಡೆಯಲಂತೂ ಬಾರದು. ಅವನು ಕಚ್ಚಿದ್ದರೆ ಕಚ್ಚಿಸಿಕೊಂಡ ಮಗುವನ್ನು ಮೊದಲು ನೋಡಿ. ಗಾಯವನ್ನು ಸೋಪು ನೀರಿನಿಂದ ತೊಳೆಯಿರಿ, ಚರ್ಮ ಹರಿದಿದ್ದರೆ ವೈದ್ಯರ ಬಳಿ ಹೋಗಿ, ಏಕೆಂದರೆ ಮನುಷ್ಯರ ಹಲ್ಲಿನ ಗಾಯಕ್ಕೂ ಸೋಂಕು ತಗಲುತ್ತದೆ. ಕಚ್ಚಿದವನನ್ನು ಸಮಾಧಾನ ಮಾಡುತ್ತಾ ನಿಂತಾಗ ಅಕ್ಕ ತನ್ನ ತೋಳನ್ನು ತಾನೇ ಊದಿಕೊಳ್ಳುವ ದೃಶ್ಯವನ್ನು ನಾನು ನೋಡಿದ್ದೇನೆ, ಅದು ಮರೆಯುವಂಥದ್ದಲ್ಲ.

ಇನ್ನೊಂದು, ದೊಡ್ಡ ಮಗುವಿಗೆ ತನ್ನದೇ ಎನ್ನುವ ಒಂದು ಜಾಗ. ಪ್ರತ್ಯೇಕ ಕೋಣೆ ಎಷ್ಟು ಮನೆಗಳಲ್ಲಿದೆ? ಒಂದು ಟ್ರಂಕು ಸಾಕು, ಬೀರುವಿನ ಮೇಲಿನ ಅರೆ ಸಾಕು. ಈ ಹುಡುಗಿಯ ಮನೆಯಲ್ಲಿ ಹಳೆಯ ಟ್ರಂಕೊಂದನ್ನು ಅಟ್ಟದಿಂದ ಇಳಿಸಿ ಬೀಗ ಹಾಕಿಕೊಡಿ ಎಂದಾಗ ಅಜ್ಜಿಗೆ ನೋವಾಯಿತು. "ಒಂದೇ ಬಳ್ಳಿಯ ಮಕ್ಕಳಿಗೆ ನನ್ನದು ನಿನ್ನದು ಎಂದು ಈಗಲೇ ಕಲಿಸಬೇಕೇ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ ಡಾಕ್ಟರೇ!" ಅವರ ಭಯ ನನಗೆ ಅರ್ಥವಾಗುತ್ತದೆ, ಆಸ್ತಿಗಾಗಿ ಒಡೆದ ಮನೆಗಳನ್ನು ಅವರು ನೋಡಿದ್ದಾರೆ. ಆದರೆ ಅಜ್ಜಿ, ತನ್ನದು ಎಂಬುದೊಂದು ಇದ್ದರೆ ತಾನೇ ಮಗು ಕೊಡುವುದನ್ನು ಕಲಿಯುವುದು? ಕಿತ್ತುಕೊಂಡದ್ದನ್ನು ಕೊಟ್ಟದ್ದು ಎನ್ನಲಾಗುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ತುಂಟತನವೂ ವಯಸ್ಸಿನ ತುಂಟತನವಲ್ಲ. ಎರಡು ವರ್ಷ ಕಳೆದರೂ ಎರಡು ಪದ ಕೂಡಿಸಿ ಮಾತನಾಡದ, ಹೆಸರು ಕರೆದರೆ ತಿರುಗದ, ಕಣ್ಣಿಗೆ ಕಣ್ಣು ಕೊಡದ ಮಗುವನ್ನು "ಹಟಮಾರಿ" ಎಂದು ಬಿಡಬೇಡಿ. ಕಿವಿಯ ದೋಷವಿರಬಹುದು, ಆಟಿಸಂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅದನ್ನು ಪರೀಕ್ಷೆ ಹೇಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇದಕ್ಕಾಗಿಯೇ ಶೀಘ್ರ ಪತ್ತೆ ಕೇಂದ್ರಗಳಿವೆ. ಅಂಥ ಮನೆಗಳಲ್ಲಿ ದೊಡ್ಡ ಮಗುವಿಗೆ ಯಾರೂ ಏನೂ ಹೇಳಿರುವುದಿಲ್ಲ. ತಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದ ದಿನ ಒಬ್ಬ ಹುಡುಗ, "ಹಾಗಾದರೆ ಅವನು ನನ್ನ ಮೇಲಿನ ಕೋಪಕ್ಕೆ ಮಾತು ಬಿಟ್ಟದ್ದಲ್ಲವೇ?" ಎಂದು ಕೇಳಿದ. ಎರಡು ವರ್ಷ ಅವನು ಹಾಗೆಂದುಕೊಂಡೇ ಇದ್ದ. ಹಾಗೆಯೇ, ದೊಡ್ಡ ಮಗು ಶಾಲೆ ಬಿಟ್ಟರೆ, ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ಟ್ರಂಕು ಬೀಗ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಆ ಹುಡುಗಿ ಆರು ವಾರದ ನಂತರ ಮತ್ತೆ ಬಂದಳು. ಹೊಟ್ಟೆನೋವು ವಾರಕ್ಕೊಮ್ಮೆ ಬರುತ್ತದೆ, ಮೊದಲಿನಂತೆ ದಿನವೂ ಇಲ್ಲ ಎಂದು ಅಮ್ಮ ಹೇಳಿದರು. ಹುಡುಗಿಯ ಕೊರಳಿನಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸಣ್ಣ ಬೀಗದ ಕೈ ಇತ್ತು. ಇನ್ನೂ ಎಷ್ಟು ದಿನ ಅವನು ಹೀಗೆ ಎಂದು ನನ್ನನ್ನೇ ಕೇಳಿದಳು. ಸುಳ್ಳು ಹೇಳಲಿಲ್ಲ. ಮುಂದಿನ ದೀಪಾವಳಿಗೆ ಸ್ವಲ್ಪ ಕಡಿಮೆ, ಅದರ ಮುಂದಿನದಕ್ಕೆ ಇನ್ನೂ ಸ್ವಲ್ಪ ಕಡಿಮೆ ಎಂದೆ. ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಅಮ್ಮನಿಗೆ ಕೇಳಿಸದಂತೆ ಮೇಜಿನ ಮೇಲೆ ಬಾಗಿ, "ಅಜ್ಜಿ ಬಾಯಿ ಮಾತು ನಂಬುವುದಿಲ್ಲ, ಚೀಟಿಯಲ್ಲಿ ಬರೆದುಕೊಡಿ" ಎಂದಳು. ಔಷಧಿಯ ಚೀಟಿಯಲ್ಲಿ ದಿನಾಂಕ ಹಾಕಿ ಬರೆದೆ: ಟ್ರಂಕು ಇವಳದು, ಕೇಳದೆ ಯಾರೂ ತೆರೆಯಬಾರದು. ಸೀಲು ಒತ್ತಲು ಹೇಳಿದಳು. ಒತ್ತಿಕೊಟ್ಟೆ.